ಉಡುಪಿಯ ಪಿನ್‌ಕೋಡ್ ಯಾವ ಮಗ್ಗಿಯಲ್ಲಿ ಬರುತ್ತದೆ? ದೊಡ್ಡ ಸಂಖ್ಯೆಯನ್ನು ಬಿಡಿಸಿ ನೋಡುವ ಬಗೆ

ಅಕ್ಕನ ದೊಡ್ಡ ಮಗಳ ಮದುವೆ ಕಾಗದಕ್ಕೆ ವಿಳಾಸ ಬರೆಯುತ್ತಾ ಕೂತಿದ್ದೆವು. ಉಡುಪಿಯ ಅಕ್ಕನ ಮನೆ ಜಗಲಿಯಲ್ಲಿ ಕವರುಗಳ ರಾಶಿ. ಒಂಬತ್ತನೇ ಕ್ಲಾಸಿನ ಚಿಕ್ಕ ಸೊಸೆ ವಿಳಾಸ ಓದುವುದು, ನಾನು ಬರೆಯುವುದು. ಸುಮಾರು ಕವರುಗಳಿಗೆ ಮಂಗಳೂರಿನ 575001, ಇನ್ನು ಸುಮಾರಕ್ಕೆ ಉಡುಪಿಯ 576101. ಬರೆದು ಬರೆದು ಆ ಎರಡು ಸಂಖ್ಯೆ ಕೈಗೆ ಬಾಯಿಪಾಠ ಆಗಿತ್ತು. ಆಗ ಅವಳು ಕೇಳಿದಳು: "ಮಾವ, ಮಂಗಳೂರಿನದ್ದು ಮೂರರ ಮಗ್ಗಿಯಲ್ಲಿ ಬರ್ತದೆ. ನಮ್ಮ ಉಡುಪಿಯದ್ದು ಯಾವ ಮಗ್ಗಿಯಲ್ಲಿ ಬರ್ತದೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಊಟ ಮುಗಿಸಿ ಇಬ್ಬರೂ ಪುಸ್ತಕ ತೆಗೆದು ಕೂತೆವು. ಅಂದು ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಪಿನ್‌ಕೋಡ್, ಗಾಡಿ ನಂಬರು, ಹುಟ್ಟಿದ ದಿನಾಂಕ, ಯಾವುದನ್ನು ಬೇಕಾದರೂ ಹೀಗೆ ಬಿಡಿಸಿ ನೋಡಬಹುದು. ಬೇಕಾದದ್ದು ಗೆರೆ ಹಾಕಿದ ಪುಸ್ತಕ, ಪೆನ್ನು, ಮೊಬೈಲಿನ ಕ್ಯಾಲ್ಕ್ಯುಲೇಟರ್. ಮತ್ತೆ ಸ್ವಲ್ಪ ತಾಳ್ಮೆ.

ನಮ್ಮಲ್ಲಿ ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ವಲಯವನ್ನು ಹೇಳುತ್ತದೆ, ಮೊದಲ ಮೂರು ಅಂಕಿ ಸೇರಿ ಟಪಾಲು ವಿಂಗಡಿಸುವ ಜಿಲ್ಲೆಯನ್ನು ಹೇಳುತ್ತವೆ. ಅಂಚೆಯವರಿಗೆ ಅಷ್ಟು ಸಾಕು. ನಮಗೆ ಈಗ ಅದು ಬರೀ ಒಂದು ಸಂಖ್ಯೆ: ಐದು ಲಕ್ಷ ಎಪ್ಪತ್ತೈದು ಸಾವಿರದ ಒಂದು. ಜೊತೆಗೆ ಮಣಿಪಾಲದ 576104 ಕೂಡ ಇಟ್ಟುಕೊಳ್ಳೋಣ. ಉಡುಪಿಯ ಸಂಖ್ಯೆಗೂ ಇದಕ್ಕೂ ಬರೀ ಮೂರರ ವ್ಯತ್ಯಾಸ. ಆದರೆ ಗುಣದಲ್ಲಿ ಎಷ್ಟು ದೂರ ಅಂತ ಮುಂದೆ ನೋಡುತ್ತೀರಿ.

ಮೊದಲು ಬಾಲ ನೋಡಿ

ಕ್ಯಾಲ್ಕ್ಯುಲೇಟರ್ ಮುಟ್ಟಬೇಡಿ. ಕೊನೆಯ ಅಂಕಿ ನೋಡಿ. ಸಮ ಆದರೆ 2ರಿಂದ ಭಾಗ ಹೋಗುತ್ತದೆ. 0 ಅಥವಾ 5 ಆದರೆ 5ರಿಂದ ಹೋಗುತ್ತದೆ. ಕೊನೆಯ ಎರಡು ಅಂಕಿ 4ರಿಂದ ಹೋದರೆ ಇಡೀ ಸಂಖ್ಯೆಯೂ 4ರಿಂದ ಹೋಗುತ್ತದೆ. ಕೊನೆಯ ಮೂರು 8ರಿಂದ ಹೋದರೆ ಇಡೀ ಸಂಖ್ಯೆ 8ರಿಂದ. ಯಾಕೆಂದರೆ 100 ಅನ್ನುವುದು 4ರ ಮಗ್ಗಿಯಲ್ಲೇ ಉಂಟು, 1000 ಅನ್ನುವುದು 8ರ ಮಗ್ಗಿಯಲ್ಲಿ ಉಂಟು. ಅದರ ಎಡಗಡೆ ಏನೇ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ಮಂಗಳೂರು, ಉಡುಪಿ ಎರಡೂ 1ರಲ್ಲಿ ಮುಗಿಯುತ್ತವೆ. ಇಲ್ಲಿ ಏನೂ ಸಿಗಲಿಲ್ಲ. ಮಣಿಪಾಲದ ಕೊನೆಯ ಮೂರು ಅಂಕಿ 104. ಅದು 8 × 13. ಹಾಗಾಗಿ 576104 = 8 × 72013. ಅದನ್ನು ಹಾಗೇ ಬರೆದಿಡಿ, ಆಮೇಲೆ ಬರೋಣ.

ಅಂಕಿಗಳನ್ನು ಕೂಡಿ

5+7+5+0+0+1 = 18. ಇದು 9ರಿಂದ ಭಾಗ ಹೋಗುತ್ತದೆ, ಆದ್ದರಿಂದ 575001 ಕೂಡ 9ರಿಂದ ಹೋಗುತ್ತದೆ. ಶಾಲೆಯಲ್ಲಿ ಈ ಸೂತ್ರ ಎಲ್ಲರಿಗೂ ಹೇಳಿಕೊಡುತ್ತಾರೆ. ಯಾಕೆ ಅಂತ ಹೇಳುವುದು ಕಡಿಮೆ. ಕಾರಣ ಬಹಳ ಸುಲಭ. 10 ಅಂದರೆ 9+1. 100 ಅಂದರೆ 99+1. ಒಂದು ಲಕ್ಷ ಅಂದರೆ 99999+1. ಐದು ಲಕ್ಷದಿಂದ 9ರ ಭಾಗವನ್ನೆಲ್ಲ ತೆಗೆದರೆ ಉಳಿಯುವುದು ಬರೀ 5. ಹೀಗೆ ಪ್ರತಿ ಸ್ಥಾನದಲ್ಲೂ ಆ ಅಂಕಿ ಮಾತ್ರ ಉಳಿಯುತ್ತದೆ. ಉಳಿದದ್ದನ್ನೆಲ್ಲ ಕೂಡಿದರೆ ಅಂಕಿಗಳ ಮೊತ್ತ, ಅಲ್ವಾ?

ಉಡುಪಿಯ ಮೊತ್ತ 20. ಮಣಿಪಾಲದ್ದು 23. ಎರಡೂ 3ರಿಂದ ಹೋಗುವುದಿಲ್ಲ. ಈ 23ನ್ನು ನೆನಪಿಡಿ.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ನಾನು ಅಂದು ರಾತ್ರಿ ಪುಸ್ತಕದ ಮೇಲೆ 576101 ಬರೆಯುವ ಬದಲು 576011 ಅಂತ ಬರೆದುಬಿಟ್ಟಿದ್ದೆ. ಅಂಕಿ ಕೂಡಿದೆ, 20 ಬಂತು, ಸರಿ ಇದೆ ಅಂದುಕೊಂಡೆ. 17ರಿಂದ ಭಾಗಿಸಿದಾಗ 33883 ಸರಿಯಾಗಿ ಬಂತು. ಇಬ್ಬರಿಗೂ ಭಾರೀ ಖುಷಿ. "ಸಿಕ್ಕಿತು!" ಅಂತ ಸೊಸೆ ಚಪ್ಪಾಳೆ ತಟ್ಟಿದಳು. ಆಮೇಲೆ ಕವರ್ ನೋಡಿದರೆ ಸಂಖ್ಯೆಯೇ ಬೇರೆ. ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಈ ಪರೀಕ್ಷೆ ಆ ತಪ್ಪನ್ನು ಹಿಡಿಯುವುದಿಲ್ಲ. ಅದೇ ಕಾರಣಕ್ಕೆ ಸರಿ ಸಂಖ್ಯೆಗೂ ತಪ್ಪು ಸಂಖ್ಯೆಗೂ ಇರುವ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲಿ ಬರುತ್ತದೆ. ನನ್ನ ತಪ್ಪಿನಲ್ಲಿ ಅದು 90. ಲೆಕ್ಕಪತ್ರ ಬರೆಯುವವರಿಗೆ ಇದು ಹಳೇ ಉಪಾಯ: ಎರಡು ಕಡೆಯ ಮೊತ್ತ ತಾಳೆಯಾಗದೆ, ವ್ಯತ್ಯಾಸ 9ರಿಂದ ಭಾಗ ಹೋದರೆ, ಎಲ್ಲೋ ಅಂಕಿ ಹಿಂದುಮುಂದಾಗಿದೆ ಅಂತ ಮೊದಲ ಅನುಮಾನ. ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಈ ಕರಾವಳಿಯಲ್ಲಿ ಹಳೇ ಬ್ಯಾಂಕ್ ನೌಕರರು ಮನೆಗೊಬ್ಬರು ಸಿಗುತ್ತಾರೆ. ಒಮ್ಮೆ ಕೇಳಿ ನೋಡಿ.

ಆದ್ದರಿಂದ ಶುರು ಮಾಡುವ ಮೊದಲು ಸಂಖ್ಯೆಯನ್ನು ಎರಡು ಸಲ ಓದಿ, ಇನ್ನೊಬ್ಬರಿಂದ ಓದಿಸಿ.

ಸಾವಿರದ ಒಂದರ ಉಪಾಯ

7ಕ್ಕೆ ಪರೀಕ್ಷೆ ಕಷ್ಟ ಅಂತ ಶಾಲೆಯಲ್ಲಿ ಬಿಟ್ಟುಬಿಡುತ್ತಾರೆ. ಆದರೆ 7, 11, 13 ಮೂರನ್ನೂ ಒಂದೇ ಏಟಿಗೆ ನೋಡುವ ದಾರಿ ಉಂಟು. ನನಗೆ ತುಂಬಾ ಇಷ್ಟವಾದದ್ದು ಇದೇ.

7 × 11 × 13 = 1001. ಅಂದರೆ 1000 ಅನ್ನುವುದು 1001ಕ್ಕೆ ಒಂದು ಕಡಿಮೆ. ಹಾಗಾಗಿ 575 ಸಾವಿರವನ್ನು 1001ರ ಲೆಕ್ಕದಲ್ಲಿ ನೋಡಿದರೆ ಅದು 575 ಕಡಿಮೆ ಬಿದ್ದಂತೆ. ಆರು ಅಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಕತ್ತರಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರ 7, 11, 13ರಲ್ಲಿ ಯಾವುದರಿಂದ ಭಾಗ ಹೋಗುತ್ತದೋ, ಇಡೀ ಸಂಖ್ಯೆಯೂ ಅದರಿಂದ ಹೋಗುತ್ತದೆ.

ಮಂಗಳೂರು: 575 − 001 = 574. ಅದು 7 × 82. ಸಿಕ್ಕಿತು! 11ರಿಂದ ಭಾಗಿಸಿದರೆ 2 ಉಳಿಯುತ್ತದೆ, 13ರಿಂದಲೂ 2 ಉಳಿಯುತ್ತದೆ. ಅವೆರಡೂ ಇಲ್ಲ.

ಉಡುಪಿ: 576 − 101 = 475. 7ರಿಂದ ಹೋಗುವುದಿಲ್ಲ, 11ರಿಂದ ಹೋಗುವುದಿಲ್ಲ, 13ರಿಂದಲೂ ಹೋಗುವುದಿಲ್ಲ.

ಮಣಿಪಾಲ: 576 − 104 = 472. ಇಲ್ಲೂ ಮೂರಕ್ಕೆ ಮೂರೂ ಇಲ್ಲ.

ಒಂಬತ್ತು ಅಂಕಿ, ಹನ್ನೆರಡು ಅಂಕಿಯ ಸಂಖ್ಯೆ ಇದ್ದರೆ ಬಲಗಡೆಯಿಂದ ಮೂರು ಮೂರಾಗಿ ಕತ್ತರಿಸಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋದರಾಯಿತು.

ಸಿಕ್ಕಿದ್ದನ್ನು ಕೂಡಲೇ ತೆಗೆದುಹಾಕಿ

ಒಂದು ಅಪವರ್ತನ, ಅಂದರೆ ಶೇಷ ಉಳಿಸದೆ ಭಾಗಿಸುವ ಸಂಖ್ಯೆ, ಸಿಕ್ಕಿತು ಅಂದ ಕೂಡಲೇ ಭಾಗಿಸಿ ಸಂಖ್ಯೆಯನ್ನು ಚಿಕ್ಕದು ಮಾಡಿ. ಮತ್ತೆ ದೊಡ್ಡ ಸಂಖ್ಯೆಯ ಜೊತೆ ಗುದ್ದಾಡಬೇಡಿ. 575001 ÷ 9 = 63889. ಅದನ್ನು 7ರಿಂದ ಭಾಗಿಸಿದರೆ 9127. ಐದು ಲಕ್ಷದ ಮೇಲಿದ್ದದ್ದು ಎರಡೇ ಹೆಜ್ಜೆಯಲ್ಲಿ ಒಂಬತ್ತು ಸಾವಿರಕ್ಕೆ ಇಳಿಯಿತು.

ಈಗ 9127 ಒಡೆಯುತ್ತದಾ? ಎಲ್ಲಿವರೆಗೆ ಹುಡುಕಬೇಕು? ವರ್ಗಮೂಲದವರೆಗೆ ಮಾತ್ರ. 9127 ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ ಎರಡೂ 96ಕ್ಕಿಂತ ದೊಡ್ಡದಿರಲು ಸಾಧ್ಯವಿಲ್ಲ, ಯಾಕೆಂದರೆ 96 × 96 ಅಂದರೆ 9216, ಆಗಲೇ ದಾಟಿಹೋಯಿತು. ಒಂದಾದರೂ 95ರ ಒಳಗೆ ಇರಲೇಬೇಕು. ಅದೂ ಅವಿಭಾಜ್ಯ ಸಂಖ್ಯೆಗಳನ್ನು, ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗ ಹೋಗುವ 2, 3, 5, 7ರಂಥವನ್ನು ಮಾತ್ರ ನೋಡಿದರೆ ಸಾಕು. 2ರಿಂದ ಹೋಗದ್ದು 4ರಿಂದ, 6ರಿಂದ ಎಲ್ಲಿ ಹೋಗುತ್ತದೆ?

2, 5, 11, 13 ಮೊದಲೇ ಇಲ್ಲ ಅಂತ ಗೊತ್ತು. ದೊಡ್ಡ ಸಂಖ್ಯೆಯನ್ನು ಭಾಗಿಸದ್ದು ಅದರ ತುಂಡನ್ನೂ ಭಾಗಿಸುವುದಿಲ್ಲ. ಆದರೆ 3 ಮತ್ತು 7 ಇನ್ನೊಮ್ಮೆ ನೋಡಬೇಕು, ಒಂದೇ ಅಪವರ್ತನ ಮತ್ತೆ ಮತ್ತೆ ಬರಬಹುದು. ಅಂಕಿಗಳ ಮೊತ್ತ 19, ಹಾಗಾಗಿ 3 ಇಲ್ಲ. 7ರಿಂದ ಭಾಗಿಸಿದರೆ 6 ಉಳಿಯುತ್ತದೆ. ಇನ್ನು 17ರಿಂದ 89ರವರೆಗೆ ಹದಿನೆಂಟು ಅವಿಭಾಜ್ಯ ಸಂಖ್ಯೆಗಳು. ಇವನ್ನು ಕ್ಯಾಲ್ಕ್ಯುಲೇಟರಿನಲ್ಲಿ ಒಂದೊಂದಾಗಿ ಹಾಕಿ.

ಕ್ಯಾಲ್ಕ್ಯುಲೇಟರ್ ಶೇಷ ತೋರಿಸುವುದಿಲ್ಲ, ದಶಾಂಶ ತೋರಿಸುತ್ತದೆ. 9127 ÷ 73 ಹಾಕಿದರೆ 125.027 ಅಂತ ಶುರುವಾಗುತ್ತದೆ. ಚುಕ್ಕೆಯ ಹಿಂದಿನ 125 ಮಾತ್ರ ತೆಗೆದುಕೊಂಡು 73ರಿಂದ ಗುಣಿಸಿ: 9125. ಶೇಷ 2. ಪುಸ್ತಕದಲ್ಲಿ ಎರಡು ಕಂಬ ಮಾಡಿ. ಎಡಗಡೆ ಭಾಜಕ, ಬಲಗಡೆ ಶೇಷ. ಬರೀ 'ಇಲ್ಲ' ಅಂತ ಬರೆದು ಮುಂದೆ ಹೋಗಬೇಡಿ. ಶೇಷ ಬರೆದಿದ್ದರೆ ಆಮೇಲೆ ಯಾರು ಬೇಕಾದರೂ ಪರೀಕ್ಷಿಸಬಹುದು. ಈ 73 ನಮಗೆ ಆಸೆ ಹುಟ್ಟಿಸಿತ್ತು. ಬರೀ ಎರಡರಲ್ಲಿ ತಪ್ಪಿತು.

ಹದಿನೆಂಟರಲ್ಲಿ ಒಂದರಿಂದಲೂ ಹೋಗಲಿಲ್ಲ. ಹಾಗಾದರೆ 9127 ಅವಿಭಾಜ್ಯ. ಮಂಗಳೂರು ಪೂರ್ತಿ ಬಿಡಿಸಿದಂತಾಯಿತು:

575001 = 3 × 3 × 7 × 9127

ಮಣಿಪಾಲ ಇನ್ನೂ ಬೇಗ ಬಿಚ್ಚಿಕೊಂಡಿತು. ಉಳಿಸಿಟ್ಟ 72013ನ್ನು 17ರಿಂದ ಭಾಗಿಸಿದರೆ 1 ಉಳಿಯಿತು, 19ರಿಂದ 3 ಉಳಿಯಿತು. 23ರಿಂದ ಸರಿಯಾಗಿ 3131 ಬಂತು. 3131 ಅಂದರೆ ಕಣ್ಣಿಗೇ ಕಾಣುತ್ತದೆ, 31 ಎರಡು ಸಲ ಬರೆದಂತೆ, ಅಂದರೆ 31 × 101. ಹಾಗಾಗಿ 576104 = 2 × 2 × 2 × 23 × 31 × 101.

ಒಡೆಯದ ಸಂಖ್ಯೆ ಬಂದರೆ

ಈಗ ಸೊಸೆಯ ಪ್ರಶ್ನೆ. 576101ರ ವರ್ಗಮೂಲ 759ಕ್ಕೆ ಸ್ವಲ್ಪ ಮೇಲೆ. 759 × 759 = 576081. ಅಂದರೆ 759ರವರೆಗಿನ ಎಲ್ಲಾ ಅವಿಭಾಜ್ಯ ಸಂಖ್ಯೆಗಳನ್ನು ನೋಡಬೇಕು. ಅವು 134, ಕೊನೆಯದು 757. ಆರು ಆಗಲೇ ಮುಗಿದಿವೆ. ಉಳಿದದ್ದು 128.

ಮೊದಲು ಪಟ್ಟಿ ಮಾಡಿಕೊಳ್ಳಬೇಕು. 1ರಿಂದ 760ರವರೆಗೆ ಚೌಕುಳಿ ಹಾಳೆಯಲ್ಲಿ ಬರೆದು, 2ನ್ನು ಉಳಿಸಿ ಅದರ ಮಗ್ಗಿ ಹೊಡೆದುಹಾಕಿ, 3ನ್ನು ಉಳಿಸಿ ಅದರದ್ದು ಹೊಡೆದುಹಾಕಿ, 5ರದ್ದು, 7ರದ್ದು, ಹೀಗೆ 23ರವರೆಗೆ ಹೊಡೆಯಿರಿ. 29ರ ವರ್ಗ 841, ಅದು 760ನ್ನು ದಾಟುತ್ತದೆ, ಅಲ್ಲಿಗೆ ನಿಲ್ಲಿಸಬಹುದು. ಒಂದನ್ನು ಬಿಟ್ಟು, ಹೊಡೆಯದೆ ಉಳಿದದ್ದೆಲ್ಲ ಅವಿಭಾಜ್ಯ. ಗ್ರೀಕರ ಎರಟೋಸ್ಥನೀಸ್ ಹೆಸರಿನ ಜರಡಿ ಇದು. ಎರಡು ಸಾವಿರ ವರ್ಷ ದಾಟಿದರೂ ಇದಕ್ಕಿಂತ ಸರಳ ದಾರಿ ನನಗೆ ಕಂಡಿಲ್ಲ.

ನಾವು ಪಟ್ಟಿಯನ್ನು ಅರ್ಧ ಅರ್ಧ ಮಾಡಿಕೊಂಡೆವು. ಅವಳಿಗೆ ಅಮ್ಮನ ಮೊಬೈಲು, ನನಗೆ ನನ್ನದು. ಜಗಲಿಯಲ್ಲಿ ಫ್ಯಾನಿನ ಸದ್ದು, ಮಧ್ಯೆ ಮಧ್ಯೆ "89ಕ್ಕೆ ನಾಲ್ಕು ಉಳಿತು", "353ಕ್ಕೆ ಐದು" ಅನ್ನುವ ಮಾತು ಮಾತ್ರ. ಚಿಕ್ಕ ಶೇಷ ಬಂದಾಗೆಲ್ಲ ಅವಳು ಕತ್ತೆತ್ತಿ ನೋಡುತ್ತಿದ್ದಳು. ಅಕ್ಕ ಎರಡು ಸಲ ಬಂದು ಮಲಗಿ ಅಂತ ಹೇಳಿ ಹೋದಳು. ಕೊನೆಗೆ 757ಕ್ಕೆ 24 ಉಳಿಯಿತು. ಮುಗಿಯಿತು. ಒಂದರಿಂದಲೂ ಭಾಗ ಹೋಗಲಿಲ್ಲ.

"ಮಾವ, ಹಾಗಾದರೆ ನಮ್ಮದು ಯಾವ ಮಗ್ಗಿಯಲ್ಲೂ ಬರುದಿಲ್ಲ!"

ಹೌದು. 576101 ಅವಿಭಾಜ್ಯ ಸಂಖ್ಯೆ. ಒಂದರ ಮಗ್ಗಿ ಮತ್ತು ತನ್ನದೇ ಮಗ್ಗಿ, ಅಷ್ಟೇ.

ಇಲ್ಲಿ ಒಂದು ಮಾತು. ಇಂಥ ಕೆಲಸದಲ್ಲಿ ಮಧ್ಯೆ ಒಂದೇ ಒಂದು ಸಂಖ್ಯೆ ಬಿಟ್ಟುಹೋದರೂ ಉತ್ತರ ನಂಬುವ ಹಾಗಿಲ್ಲ. ಅದಕ್ಕೇ ಮರುದಿನ ಪುಸ್ತಕ ಅದಲುಬದಲು ಮಾಡಿ, ಅವಳ ಪಟ್ಟಿ ನಾನು, ನನ್ನ ಪಟ್ಟಿ ಅವಳು ನೋಡಿದೆವು. ನೀವೂ ಹಾಗೇ ಮಾಡಿ.

ಒಡೆದ ಮೇಲೆ ಏನೇನು ತಿಳಿಯುತ್ತದೆ

ಅವಿಭಾಜ್ಯ ಅಪವರ್ತನ ಕೈಗೆ ಸಿಕ್ಕಿತು ಅಂದರೆ ಉಳಿದ ಗುಣಗಳು ತಾವಾಗೇ ಬರುತ್ತವೆ.

ಎಷ್ಟು ಭಾಜಕಗಳಿವೆ ಅಂತ ನೋಡಲು ಪ್ರತಿ ಅಪವರ್ತನ ಎಷ್ಟು ಸಲ ಬಂದಿದೆಯೋ ಅದಕ್ಕೆ ಒಂದು ಸೇರಿಸಿ, ಎಲ್ಲವನ್ನೂ ಗುಣಿಸಿ. ಮಂಗಳೂರಿನಲ್ಲಿ 3 ಎರಡು ಸಲ, 7 ಒಂದು ಸಲ, 9127 ಒಂದು ಸಲ. 3 × 2 × 2 = 12 ಭಾಜಕಗಳು: 1, 3, 7, 9, 21, 63, 9127, 27381, 63889, 82143, 191667, ಕೊನೆಗೆ 575001. ಮಣಿಪಾಲಕ್ಕೆ 4 × 2 × 2 × 2 = 32. ಉಡುಪಿಗೆ ಎರಡೇ.

ಭಾಜಕಗಳ ಮೊತ್ತವನ್ನೂ ಒಂದೊಂದಾಗಿ ಕೂಡಬೇಕಿಲ್ಲ. (1+3+9) × (1+7) × (1+9127), ಅಂದರೆ 13 × 8 × 9128 = 949312. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 374311. ಅದು 575001ಕ್ಕಿಂತ ಕಡಿಮೆ. ಇಂಥದ್ದಕ್ಕೆ ಕೊರತೆಯ ಸಂಖ್ಯೆ ಅನ್ನಬಹುದು. ಮಣಿಪಾಲದ್ದನ್ನು ಹೀಗೇ ಮಾಡಿ: 15 × 24 × 32 × 102 = 1175040, ಸಂಖ್ಯೆಯನ್ನು ಕಳೆದರೆ 598936. ಇದು 576104ಕ್ಕಿಂತ ಜಾಸ್ತಿ! ಅಂದರೆ ಮಣಿಪಾಲ ತನಗಿಂತ ಹೆಚ್ಚು ತುಂಬಿದ ಸಂಖ್ಯೆ. ಸರಿಸಮ ಬರುವ ಸಂಖ್ಯೆಗಳು ಬಹಳ ಅಪರೂಪ: 6, 28, 496, 8128, ಅದಾದ ಮೇಲೆ ಒಮ್ಮೆಗೇ 3,35,50,336. ಅವಕ್ಕೆ ಪರಿಪೂರ್ಣ ಸಂಖ್ಯೆ ಅಂತ ಹೆಸರು.

ನೆನಪಿಡಿ ಅಂದಿದ್ದ 23 ಈಗ ಬೇಕು. ಮಣಿಪಾಲದ ಅಂಕಿಗಳ ಮೊತ್ತ 23. ಅದರ ಅಪವರ್ತನಗಳಲ್ಲೂ 23 ಉಂಟು. ಅಂಕಿಗಳ ಮೊತ್ತದಿಂದಲೇ ಭಾಗ ಹೋಗುವ ಇಂಥ ಸಂಖ್ಯೆಗಳಿಗೆ ಹರ್ಷದ ಸಂಖ್ಯೆ ಅಂತ ಹೆಸರಿಟ್ಟವರು ಡಿ. ಆರ್. ಕಾಪ್ರೇಕರ್. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಸಂತೋಷ ಕೊಡುವ ಸಂಖ್ಯೆ ಅಂತ ಅರ್ಥ. ಹೆಸರು ಸರಿಯಾಗೇ ಇದೆ ಅಂತ ನನಗೆ ಅಂದು ಅನಿಸಿತು.

ಇನ್ನೊಂದು ಚಿಕ್ಕ ಆಟ, ಮಕ್ಕಳಿಗೆ ತುಂಬಾ ಇಷ್ಟವಾಗುವಂಥದ್ದು. ಸಂಖ್ಯೆಯನ್ನು ತಿರುಗಿಸಿ ಬರೆದು ಕೂಡಿ. 576101 + 101675 = 677776. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ನಮ್ಮ ಗದಗ, ವಿಕಟಕವಿ ಇದ್ದ ಹಾಗೆ. ಮಂಗಳೂರಿಗೆ 675576 ಬರುತ್ತದೆ, ಮಣಿಪಾಲಕ್ಕೆ 977779. ಕೂಡುವಾಗ ಎಲ್ಲೂ ದಶಕ ಬರದಿದ್ದರೆ ಹೀಗೆ ಆಗಲೇಬೇಕು. ದಶಕ ಬಂದರೆ ಬಂದ ಉತ್ತರವನ್ನು ಮತ್ತೆ ತಿರುಗಿಸಿ ಕೂಡುತ್ತಾ ಹೋಗಿ, ಹೆಚ್ಚಿನವು ಬೇಗ ಸಿಗುತ್ತವೆ. 196ನ್ನು ಮಾತ್ರ ಹಿಡಿಯಬೇಡಿ. ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಅಂಕಿಯವರೆಗೆ ಹೋದರೂ ಅದು ಇನ್ನೂ ಹಾಗೆ ಆಗಿಲ್ಲ.

ಎರಡು ವರ್ಗಗಳ ಮೊತ್ತ

ಇಷ್ಟು ಹೊತ್ತು ಉಡುಪಿಯ ಸಂಖ್ಯೆಯಲ್ಲಿ ಏನೂ ಇಲ್ಲ, ಏನೂ ಇಲ್ಲ ಅಂತಲೇ ಹೇಳಿದ್ದಾಯಿತು. ಅದರ ನಿಜವಾದ ಚಂದ ಇಲ್ಲಿದೆ.

ಅವಿಭಾಜ್ಯ ಸಂಖ್ಯೆಯನ್ನು 4ರಿಂದ ಭಾಗಿಸಿ 1 ಉಳಿದರೆ, ಅದನ್ನು ಎರಡು ವರ್ಗ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು. ಅದೂ ಒಂದೇ ಒಂದು ಬಗೆಯಲ್ಲಿ. 3 ಉಳಿದರೆ ಬರೆಯಲು ಸಾಧ್ಯವೇ ಇಲ್ಲ. 13 ನೋಡಿ: 9 + 4. 29 ನೋಡಿ: 25 + 4. 7ಕ್ಕೆ ಪ್ರಯತ್ನಿಸಿ, ಬರುವುದಿಲ್ಲ. ಫ್ರಾನ್ಸಿನ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಇದನ್ನು ಬರೆದಿದ್ದ. ಸಾಧಿಸಿ ತೋರಿಸಿದ್ದು ನೂರು ವರ್ಷ ಕಳೆದ ಮೇಲೆ ಆಯ್ಲರ್.

576101ರ ಕೊನೆಯ ಎರಡು ಅಂಕಿ 01. 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂದರೆ ಎರಡು ವರ್ಗಗಳು ಇರಲೇಬೇಕು. ಹುಡುಕುವುದು ಹೇಗೆ? ವರ್ಗಮೂಲದಿಂದ ಶುರು ಮಾಡಿ ಕೆಳಗೆ ಬನ್ನಿ. 759ರ ವರ್ಗ ಕಳೆದರೆ 20. 758ರದ್ದು ಕಳೆದರೆ 1537. 757ಕ್ಕೆ 3052. 756ಕ್ಕೆ 4565. ಪ್ರತಿಯೊಂದಕ್ಕೂ ವರ್ಗಮೂಲ ತೆಗೆಯಬೇಕಿಲ್ಲ. ವರ್ಗ ಸಂಖ್ಯೆ 2, 3, 7, 8ರಲ್ಲಿ ಮುಗಿಯುವುದೇ ಇಲ್ಲ, ಹಾಗಾಗಿ 1537, 3052 ಹೋದವು. 5ರಲ್ಲಿ ಮುಗಿದರೆ ಕೊನೆಗೆ 25 ಇರಬೇಕು, 4565 ಹೋಯಿತು. 0ಯಲ್ಲಿ ಮುಗಿದರೆ ಎರಡು ಸೊನ್ನೆ ಬೇಕು, 20 ಹೋಯಿತು. 755ಕ್ಕೆ 6076 ಬರುತ್ತದೆ, ಇದನ್ನು ಮಾತ್ರ ನೋಡಬೇಕು: 78ರ ವರ್ಗ 6084, ಆಗಲಿಲ್ಲ. 754ಕ್ಕೆ 7585, 753ಕ್ಕೆ 9092, 752ಕ್ಕೆ 10597, ಮೂರೂ ಬಾಲದಲ್ಲೇ ಹೋದವು. ಒಂಬತ್ತನೆಯದು 751. ಅದರ ವರ್ಗ 564001. ಕಳೆದರೆ 12100.

12100 ಅಂದರೆ 110ರ ವರ್ಗ!

576101 = 751 × 751 + 110 × 110

ನೂರಾರು ಸಲ ಬರೆದ ಆ ಪಿನ್‌ಕೋಡಿನೊಳಗೆ ಇಂಥದ್ದೊಂದು ಕೂತಿತ್ತು ಅಂತ ನೋಡಿ ನನಗೆ ಮೈ ಜುಮ್ಮೆಂದಿತು. ಸೊಸೆ ಅದನ್ನು ದೊಡ್ಡದಾಗಿ ಬರೆದು ಓದುವ ಮೇಜಿನ ಮೇಲೆ ಅಂಟಿಸಿದ್ದಾಳೆ.

ಮಂಗಳೂರಿನ 575001ನ್ನು 4ರಿಂದ ಭಾಗಿಸಿದರೂ 1 ಉಳಿಯುತ್ತದೆ. ಆದರೆ ಅದು ಹೀಗೆ ಬರುವುದಿಲ್ಲ, ಹುಡುಕಿ ಸಮಯ ಕಳೆಯಬೇಡಿ. ಅವಿಭಾಜ್ಯವಲ್ಲದ ಸಂಖ್ಯೆಗೆ ನಿಯಮ ಸ್ವಲ್ಪ ಬೇರೆ: 4ರಿಂದ ಭಾಗಿಸಿದಾಗ 3 ಉಳಿಸುವ ಪ್ರತಿ ಅವಿಭಾಜ್ಯ ಅಪವರ್ತನವೂ ಸಮ ಸಲ ಬಂದಿರಬೇಕು. 3 ಎರಡು ಸಲ ಬಂದಿದೆ, ಅಡ್ಡಿಯಿಲ್ಲ. 7 ಒಂದೇ ಸಲ, ಅಲ್ಲೇ ಕೆಟ್ಟಿತು. 9127 ಕೂಡ 3 ಉಳಿಸುತ್ತದೆ, ಅದೂ ಒಂದೇ ಸಲ. ಮಣಿಪಾಲದಲ್ಲಿ 23 ಮತ್ತು 31ರದ್ದೂ ಅದೇ ಕಥೆ.

ಇನ್ನೂ ದೊಡ್ಡದು ಸಿಕ್ಕಿದರೆ

ಹನ್ನೆರಡು ಅಂಕಿಯ ಸಂಖ್ಯೆಗೆ ಈ ದಾರಿ ಸಾಲದು. ಹತ್ತು ಲಕ್ಷದವರೆಗೆ ಹುಡುಕಬೇಕಾಗಬಹುದು. ಹತ್ತು ಲಕ್ಷದೊಳಗೆ 78,498 ಅವಿಭಾಜ್ಯ ಸಂಖ್ಯೆಗಳಿವೆ. ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ದಶಾಂಶದ ಕೊನೆ ಕತ್ತರಿಸಿಹೋಗುವುದರಿಂದ, ಭಾಗ ಹೋಗದೇ ಇದ್ದರೂ ಹೋದಂತೆ ಕಾಣಬಹುದು. ಗುಣಿಸಿ ನೋಡದೆ ನಂಬಬೇಡಿ. ಮನೆಯಲ್ಲಿ ಲಿನಕ್ಸ್ ಇರುವ ಕಂಪ್ಯೂಟರ್ ಇದ್ದರೆ ಟರ್ಮಿನಲ್ ತೆರೆದು 'ಫ್ಯಾಕ್ಟರ್' ಅನ್ನುವ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಸಂಖ್ಯೆ ಹಾಕಿ. ಕಣ್ಣು ಮಿಟುಕಿಸುವಷ್ಟರಲ್ಲಿ ಅಪವರ್ತನಗಳು ಬರುತ್ತವೆ. ನಮ್ಮ ಉತ್ತರವನ್ನು ಕೊನೆಗೆ ಹೀಗೂ ತಾಳೆ ನೋಡಬಹುದು. ಆದರೆ ಮೊದಲು ಕೈಯಲ್ಲಿ ಮಾಡಿ.

ಭಾಗಿಸದೆಯೇ ಅವಿಭಾಜ್ಯವೋ ಅಲ್ಲವೋ ಅಂತ ನೋಡುವ ದಾರಿಯೂ ಉಂಟು. ಸಂಖ್ಯೆ ಅವಿಭಾಜ್ಯ ಆಗಿದ್ದು, 2 ಅಲ್ಲದಿದ್ದರೆ, ಅದಕ್ಕಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದಾಗ 1 ಉಳಿಯಲೇಬೇಕು. ಉಡುಪಿಗೆ 5,76,100 ಸಲ ಗುಣಿಸಬೇಕು. ಕೇಳಲು ಹೆದರಿಕೆ ಆಗುತ್ತದೆ, ಆದರೆ ವರ್ಗ ಮಾಡುವುದು, ಶೇಷ ಇಟ್ಟುಕೊಳ್ಳುವುದು, ಮತ್ತೆ ಆ ಶೇಷದ ವರ್ಗ ಮಾಡುವುದು, ಹೀಗೆ ಹೋದರೆ ಹತ್ತೊಂಬತ್ತು ಸಲ ವರ್ಗ ಮಾಡುವಷ್ಟರಲ್ಲಿ ಮುಗಿಯುತ್ತದೆ. ನಡುವೆ ಕೆಲವು ಕಡೆ ಎರಡರಿಂದ ಗುಣಿಸಬೇಕು, ಅಷ್ಟೇ. ಮಾಡಿ ನೋಡಿದೆ, 1 ಬಂತು. 1 ಬರದಿದ್ದರೆ ಸಂಖ್ಯೆ ಖಂಡಿತ ಒಡೆಯುತ್ತದೆ. ಬಂದರೆ ಮಾತ್ರ ಪೂರ್ತಿ ನಂಬುವ ಹಾಗಿಲ್ಲ: 341 ಕೂಡ ಈ ಪರೀಕ್ಷೆ ಪಾಸಾಗುತ್ತದೆ, ಆದರೆ ಅದು 11 × 31. ಯಾವ ಸಂಶಯಕ್ಕೂ ಜಾಗವಿಲ್ಲದೆ, ವೇಗವಾಗಿ ಹೇಳುವ ವಿಧಾನವನ್ನು 2002ರಲ್ಲಿ ಕೊಟ್ಟವರು ನಮ್ಮವರೇ. ಕಾನ್ಪುರ ಐಐಟಿಯ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ.

ಆದರೆ ಅವಿಭಾಜ್ಯ ಅಲ್ಲ ಅಂತ ತಿಳಿಯುವುದು ಬೇರೆ, ಒಡೆದು ತುಂಡು ಕೈಗೆ ಕೊಡುವುದು ಬೇರೆ. 600 ಅಂಕಿ ದಾಟಿದ, ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಮಾಡಿದ ಸಂಖ್ಯೆಯನ್ನು ಒಡೆಯುವ ದಾರಿ ಇವತ್ತಿನ ಕಂಪ್ಯೂಟರುಗಳಿಗೂ ಇಲ್ಲ. 1977ರ ಆರ್‌ಎಸ್‌ಎ ಗುಪ್ತಲಿಪಿ ನಿಂತಿರುವುದೇ ಈ ಕಷ್ಟದ ಮೇಲೆ. 2024ರ ಅಕ್ಟೋಬರಿನಲ್ಲಿ ಸಿಕ್ಕಿದ ಒಂದು ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. 2ನ್ನು 13,62,79,841 ಸಲ ಗುಣಿಸಿ ಒಂದು ಕಳೆದರೆ ಅದು ಬರುತ್ತದೆ.

ನಿಮ್ಮ ಕೈ ಪಳಗಲು ಒಂದು ಸಂಖ್ಯೆ ಕೊಡುತ್ತೇನೆ. ಸುರತ್ಕಲ್ ಎನ್‌ಐಟಿಕೆಯ ಪಿನ್‌ಕೋಡ್ 575025. ಬಾಲ ನೋಡಿ, ಅಂಕಿ ಕೂಡಿ, ಸಾವಿರದ ಒಂದರ ಉಪಾಯ ಹಾಕಿ. ಅಷ್ಟಾಗುವಾಗ ಉಳಿಯುವುದು ಮೂರೇ ಅಂಕಿಯ ಸಂಖ್ಯೆ. ಒಟ್ಟು ಐದು ಬೇರೆ ಬೇರೆ ಅವಿಭಾಜ್ಯಗಳು ಬರಬೇಕು, ಅದರಲ್ಲಿ ಒಂದು ಎರಡು ಸಲ. ಎಲ್ಲಕ್ಕಿಂತ ದೊಡ್ಡದು 41. ಸೊಸೆಗೆ ಆರು ನಿಮಿಷ ಸಾಕಾಯಿತು, ಅದೂ ಕವರಿನ ಹಿಂಬದಿಯಲ್ಲಿ.